ನಡವಳಿಯಿಲ್ಲದ ನಗರ

ಬೆಂಗಳೂರಿನ ವಿದ್ಯಾವಂತ ಮಧ್ಯಮ ವರ್ಗದಲ್ಲಿ, ಪತ್ರಿಕೆಗಳ ವಾಚಕರ ವಾಣಿಯಲ್ಲಿ, ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘಗಳ ಸಭೆಗಳಲ್ಲಿ, ಅಷ್ಟೇ ಏಕೆ, ವಿಧಾನಸೌಧದ ಮೊಗಸಾಲೆಯಲ್ಲಿಯೂ ಇಂದು ಬಹುಮಟ್ಟಿಗೆ ಒಪ್ಪಿತವಾಗಿರುವ ಅಭಿಪ್ರಾಯವೊಂದಿದೆ. ಉದ್ಯಾನಗಳ ಪಾಲನೆ, ಮಾರುಕಟ್ಟೆ, ಪುರಭವನ, ಶೌಚಾಲಯ ಮೊದಲಾದ ಸಾರ್ವಜನಿಕ ಕಟ್ಟಡಗಳ ನಿರ್ಮಾಣ ಮತ್ತು ದುರಸ್ತಿ, ಪೌರಕಾರ್ಮಿಕರಿಂದ ಹಿಡಿದು ಎಂಜಿನಿಯರುಗಳವರೆಗಿನ ಸಿಬ್ಬಂದಿಯ ನೇಮಕಾತಿ ಇವೆಲ್ಲ ಅಳತೆ, ಅಂದಾಜು ಮತ್ತು ನಿರ್ವಹಣೆಯ ಬಾಬತ್ತುಗಳಾಗಿದ್ದು, ಇವುಗಳಿಗೆ ಬೇಕಾದುದು ಪರಿಣತಿಯೇ ಹೊರತು ವಾದವಿವಾದವಲ್ಲ ಎಂಬುದು ಆ ಅಭಿಪ್ರಾಯದ ಮೊದಲ ಭಾಗ. ಇಷ್ಟಕ್ಕಾಗಿ ವಾರ್ಡಿಗೊಬ್ಬ ಕಾರ್ಪೊರೇಟರನ್ನು ಆರಿಸಿ, ಗೌರವಧನ ಕೊಟ್ಟು, ತಿಂಗಳಿಗೊಮ್ಮೆ ಸಭೆ ಸೇರಿಸಿ, ಅಲ್ಲಿನ ಕೂಗಾಟವನ್ನು ಸಹಿಸಿಕೊಳ್ಳುವುದಕ್ಕಿಂತ ಒಬ್ಬ ದಕ್ಷ ಐಎಎಸ್ ಅಧಿಕಾರಿಯ ಕೈಗೆ ನಗರದ ಬೀಗದಕೈ ಕೊಡುವುದೇ ಮೇಲು ಎಂಬುದು ಎರಡನೆಯ ಭಾಗ. ಮೊದಲನೆಯದು ತಪ್ಪು ತಿಳಿವಳಿಕೆ. ಎರಡನೆಯದು ಆ ತಪ್ಪಿನ ಬುನಾದಿಯ ಮೇಲೆ ಎಬ್ಬಿಸಿದ ಕಟ್ಟಡ.

ಈ ಸಲಹೆ ಹರಟೆಕಟ್ಟೆಯ ಮಾತಾಗಿಯೇ ಉಳಿದಿದ್ದರೆ ಅದನ್ನು ಖಂಡಿಸುವ ಅಗತ್ಯ ಬೀಳುತ್ತಿರಲಿಲ್ಲ. ಆದರೆ ಬೆಂಗಳೂರು ಅದನ್ನು ತನ್ನ ಮೈಮೇಲೆಯೇ ಪ್ರಯೋಗಿಸಿಕೊಂಡು ನೋಡಿದೆ. 2015ರ ಆಗಸ್ಟ್ 22ರ ಚುನಾವಣೆಯಿಂದ ರಚನೆಯಾದ 198 ಸದಸ್ಯರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸಭೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಬೇಗನೆ ಚುನಾವಣೆ ನಡೆಸುವಂತೆ ಹೈಕೋರ್ಟ್ ಆದೇಶಿಸಿತು, ಅದೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಅಲ್ಲಿಂದ ಮುಂದೆ ವಾರ್ಡುಗಳು 243 ಎಂದಾಯಿತು, ಆಮೇಲೆ 225 ಎಂದಾಯಿತು, ಮೀಸಲಾತಿ ಪಟ್ಟಿಯ ಮೇಲೆ ಮೊಕದ್ದಮೆಗಳಾದವು, ಕಾನೂನೇ ಬದಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನು 5 ನಗರ ಪಾಲಿಕೆಗಳಾಗಿ ಒಡೆಯುವ ಹೊತ್ತಿಗೆ ನಗರವು ಒಬ್ಬನೇ ಒಬ್ಬ ಚುನಾಯಿತ ಸದಸ್ಯನಿಲ್ಲದೆ 5 ವರ್ಷಗಳನ್ನು ಕಳೆದಿತ್ತು. 2006ರ ನವೆಂಬರ್‌ನಿಂದ 2010ರ ಮಾರ್ಚ್‌ವರೆಗಿನ ಹಿಂದಿನ ಖಾಲಿ ಅವಧಿಯನ್ನೂ 2015ರ ನಡುವಿನ ಕೆಲವು ತಿಂಗಳುಗಳನ್ನೂ ಇದಕ್ಕೆ ಕೂಡಿಸಿದರೆ, ಸುಮಾರು 19 ವರ್ಷಗಳ ಪೈಕಿ 9ಕ್ಕೆ ಸಮೀಪದ ಕಾಲ ಈ ನಗರ ಸಭೆಯಿಲ್ಲದೆ ನಡೆದಿದೆ ಎಂದಾಯಿತು. ಮೈಸೂರಿನ ಪಾಲಿಕೆಯ ಅವಧಿ 2023ರ ನವೆಂಬರ್‌ನಲ್ಲಿಯೂ ಮಂಗಳೂರಿನದು 2025ರ ಫೆಬ್ರುವರಿಯಲ್ಲಿಯೂ ಮುಗಿದು, ಹೊಸ ಸಭೆ ಬರುವ ಮೊದಲೇ ಅಲ್ಲಿಯೂ ಅಧಿಕಾರಿಗಳ ಆಳ್ವಿಕೆ ಆರಂಭವಾದುದನ್ನು ನೋಡಿದರೆ, ಇದು ಒಂದು ಊರಿನ ಕಥೆಯೂ ಅಲ್ಲ.

ಸಂವಿಧಾನದ ಮಾತು ಈ ವಿಷಯದಲ್ಲಿ ಗೊಂದಲವಿಲ್ಲದ್ದು. 1993ರ ಜೂನ್ 1ರಂದು ಜಾರಿಗೆ ಬಂದ 74ನೆಯ ತಿದ್ದುಪಡಿಯ ಪ್ರಕಾರ ನಗರ ಸ್ಥಳೀಯ ಸಂಸ್ಥೆಯ ಅವಧಿ 5 ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಲ್ಲ. ಆ ಅವಧಿ ತೀರುವುದರೊಳಗೆ ಮುಂದಿನ ಚುನಾವಣೆ ಮುಗಿದಿರಬೇಕು. ವಾರ್ಡು ಹಂಚಿಕೆಯ ನೆಪದಲ್ಲಿ ಅದನ್ನು ಮುಂದೂಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿಯೇ ಅಹಮದಾಬಾದಿನ ಪ್ರಕರಣವೊಂದರಲ್ಲಿ ಹೇಳಿದೆ. ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿಯಾದ ಹನ್ನೆರಡನೆಯ ಅನುಸೂಚಿಯಲ್ಲಿ 12ನೆಯದು ಉದ್ಯಾನ, ತೋಟ ಮತ್ತು ಆಟದ ಮೈದಾನಗಳದು. ಪ್ರಚಲಿತ ಅಭಿಪ್ರಾಯಕ್ಕೆ ಇದಾವುದೂ ಗೊತ್ತಿಲ್ಲದ್ದಲ್ಲ. ಅದರ ಉತ್ತರ ಇಷ್ಟೇ: ಸಂವಿಧಾನ ಏನೇ ಹೇಳಲಿ, ಕಾರ್ಪೊರೇಟರಿಲ್ಲದ ಕಾಲದಲ್ಲಿ ಆಕಾಶವೇನೂ ಕಳಚಿ ಬೀಳಲಿಲ್ಲವಲ್ಲ, ಬೆಳಿಗ್ಗೆ ಕಸದ ಗಾಡಿ ಬಂದಿತಲ್ಲ, ಪಾರ್ಕಿನ ಹುಲ್ಲು ಕತ್ತರಿಸಿಯಾಯಿತಲ್ಲ. ಆದ್ದರಿಂದ ಸಂವಿಧಾನದ ಆಣೆಯಿಟ್ಟು ವಾದ ಗೆಲ್ಲುವ ಸುಲಭದ ದಾರಿಯನ್ನು ಇಲ್ಲಿ ಬಿಟ್ಟು, ಆ ಹುಲ್ಲಿನ ಪ್ರಶ್ನೆಯನ್ನೇ ಎತ್ತಿಕೊಳ್ಳುವುದು ಉಚಿತ.

ಮೊದಲಿಗೆ, ಸಭೆ ಇಲ್ಲವಾದಾಗ ಆಗುವ ಬದಲಾವಣೆ ಎಂಥದು ಎಂಬುದನ್ನು ತಿಳಿಯಬೇಕು. ಚುನಾಯಿತ ಸಭೆಯ ಅವಧಿ ಮುಗಿದ ಕೂಡಲೇ ಸರ್ಕಾರವು ಒಬ್ಬ ಹಿರಿಯ ಅಧಿಕಾರಿಯನ್ನು ಆಡಳಿತಾಧಿಕಾರಿಯಾಗಿ ನೇಮಿಸುತ್ತದೆ. ಸಭೆಗೂ ಅದರ ಸ್ಥಾಯಿ ಸಮಿತಿಗಳಿಗೂ, ಎಂದರೆ ಒಂದೊಂದು ವಿಷಯವನ್ನು ವಿವರವಾಗಿ ಪರಿಶೀಲಿಸಲು ಸದಸ್ಯರೊಳಗಿಂದಲೇ ರಚಿಸಿಕೊಂಡ ಉಪಸಭೆಗಳಿಗೂ, ಇದ್ದ ಅಧಿಕಾರವೆಲ್ಲ ಆ ಒಬ್ಬ ವ್ಯಕ್ತಿಗೆ ಸೇರುತ್ತದೆ. 2015ರ ಸಭೆಗೆ ಇಂತಹ 12 ಸಮಿತಿಗಳಿದ್ದು, ಅವುಗಳಲ್ಲಿ ತೋಟಗಾರಿಕೆಗೆ ಒಂದು, ಮಾರುಕಟ್ಟೆಗಳಿಗೆ ಒಂದು, ಸಿಬ್ಬಂದಿ ಮತ್ತು ಆಡಳಿತ ಸುಧಾರಣೆಗೆ ಒಂದು ಇದ್ದವು. ಆಯುಕ್ತರ ಕಚೇರಿಯಿಂದ ಹೊರಟ ಪ್ರಸ್ತಾವನೆಯು ಸಮಿತಿಗೆ ಬಂದು, ಸಮಿತಿಯಿಂದ ಸಭೆಯ ವಿಷಯಸೂಚಿಗೆ ಏರಿ, ಅಲ್ಲಿ ಯಾರೋ ಎದ್ದು ನಿಂತು ‘ಇದಕ್ಕೆ ನನ್ನ ವಿರೋಧವಿದೆ, ದಾಖಲಿಸಿಕೊಳ್ಳಿ’ ಎಂದು ಕೂಗಿ, ಆ ಕೂಗೂ ಸೇರಿದಂತೆ ಎಲ್ಲವೂ ನಡವಳಿಯಲ್ಲಿ ಅಚ್ಚಾಗುತ್ತಿತ್ತು. ನಡವಳಿ ಎಂದರೆ ಯಾವ ದಿನ, ಯಾವ ವಿಷಯ, ಯಾರು ಮಂಡಿಸಿದರು, ಯಾರು ಅನುಮೋದಿಸಿದರು, ಯಾರು ವಿರೋಧಿಸಿದರು ಎಂಬುದರ ಲಿಖಿತ ದಾಖಲೆ. ಆಡಳಿತಾಧಿಕಾರಿಯ ಕಾಲದಲ್ಲಿಯೂ ನಿರ್ಣಯಗಳಿಗೆ ಸಂಖ್ಯೆ ಇರುತ್ತದೆ, ದಿನಾಂಕವಿರುತ್ತದೆ. ಆದರೆ ಒಬ್ಬ ಅಧಿಕಾರಿ ಬರೆದ ಟಿಪ್ಪಣಿಗೆ ಇನ್ನೊಬ್ಬ ಅಧಿಕಾರಿ ಸಹಿ ಹಾಕಿದ ಕಡತದಲ್ಲಿ ವಿರೋಧದ ಅಂಕಣವೇ ಇರುವುದಿಲ್ಲ. ಕನ್ನಡದಲ್ಲಿ ನಡವಳಿಗೆ ನಡತೆ ಎಂಬ ಅರ್ಥವೂ ಇದೆ ಎಂಬುದು ಪದಕೋಶದ ಆಕಸ್ಮಿಕವೇನೋ, ಆದರೆ ಉಪಯುಕ್ತವಾದ ಆಕಸ್ಮಿಕ.

ಇನ್ನು ಉದ್ಯಾನ. ಒಡೆಯುವ ಮುನ್ನ ಪಾಲಿಕೆಯ ಅಧೀನದಲ್ಲಿ ಸಾವಿರಕ್ಕೂ ಹೆಚ್ಚು ಉದ್ಯಾನಗಳಿದ್ದವು, ಅವುಗಳಲ್ಲಿ ಬಹುಪಾಲು ಕಬ್ಬನ್ ಪಾರ್ಕ್ ಅಥವಾ ಲಾಲ್‌ಬಾಗ್‌ನಂತಹ ರಾಜಗಾಂಭೀರ್ಯದವಲ್ಲ. ಅವೆರಡೂ ರಾಜ್ಯದ ತೋಟಗಾರಿಕೆ ಇಲಾಖೆಗೆ ಸೇರಿದವು. ಪಾಲಿಕೆಯ ಉದ್ಯಾನವೆಂದರೆ ಸಾಮಾನ್ಯವಾಗಿ ನಾಲ್ಕು ರಸ್ತೆಗಳ ನಡುವಿನ ಒಂದು ತುಂಡು ನೆಲ: ಸುತ್ತ ಕಬ್ಬಿಣದ ಬೇಲಿ, ಒಳಗೆ ನಡಿಗೆಯ ಪಥ, ನಾಲ್ಕಾರು ಹೊಂಗೆ ಮರಗಳು, ನೀರು ಚಿಮ್ಮುವುದನ್ನು ಮರೆತ ಒಂದು ಕಾರಂಜಿ, ಬಣ್ಣ ಬಳಿದ ವ್ಯಾಯಾಮದ ಸಲಕರಣೆ, ದಾನಿಗಳ ಹೆಸರು ಕೆತ್ತಿದ ಕಲ್ಲುಬೆಂಚು, ಬೀಗ ಹಾಕಿದ ಶೌಚಾಲಯ, ಗೇಟಿನ ಬಳಿ ಏನೇನು ಮಾಡಕೂಡದೆಂಬ ಉದ್ದನೆಯ ಫಲಕ. ಇಂದಿರಾನಗರದ ಒಂದು ಉದ್ಯಾನದಲ್ಲಿ ಓಡಬಾರದು, ಅಪ್ರದಕ್ಷಿಣವಾಗಿ ನಡೆಯಲೂಬಾರದು ಎಂಬ ಫಲಕ ಕಾಣಿಸಿಕೊಂಡು 2024ರಲ್ಲಿ ಊರೆಲ್ಲ ನಕ್ಕಿತ್ತು. ನಗುವುದಕ್ಕೆ ಕಾರಣವಿತ್ತು, ಆದರೆ ನಗೆಯಲ್ಲಿ ಪ್ರಶ್ನೆ ಮುಳುಗಿಹೋಯಿತು: ಉದ್ಯಾನದಲ್ಲಿ ಯಾರು, ಯಾವಾಗ, ಹೇಗೆ ಇರಬಹುದು ಎಂಬುದನ್ನು ತೀರ್ಮಾನಿಸಬೇಕಾದವರು ಯಾರು?

ಈ ಪ್ರಶ್ನೆಗೆ ತೋಟಗಾರಿಕೆಯ ಪದವಿಯಲ್ಲಿ ಉತ್ತರವಿಲ್ಲ. ಬೆಂಗಳೂರಿನ ಪಾಲಿಕೆ ಉದ್ಯಾನಗಳು ಬಹುಕಾಲ ಬೆಳಿಗ್ಗೆ ಕೆಲವು ಗಂಟೆ ತೆರೆದಿದ್ದು, ನಡುಹಗಲಿನಲ್ಲಿ ಮುಚ್ಚಿ, ಸಂಜೆಗೆ ಮತ್ತೆ ತೆರೆಯುವ ಪದ್ಧತಿಯಲ್ಲಿದ್ದವು. ಕಾವಲುಗಾರನಿಗೆ ಬಿಡುವು ಬೇಕು, ಗಿಡಗಳಿಗೆ ನೀರು ಹಾಯಿಸಬೇಕು, ನಡುಹಗಲಿನಲ್ಲಿ ಯಾರು ಬರುತ್ತಾರೆ ಎಂಬ ಕಾರಣಗಳು ಕಡತದಲ್ಲಿ ಸಮಂಜಸವಾಗಿಯೇ ಕಾಣುತ್ತವೆ. ಆದರೆ ನಡುಹಗಲಿನಲ್ಲಿ ನೆರಳು ಬೇಕಾದವರು ಯಾರೆಂದು ಎಣಿಸಿದರೆ ಆ ಸಮಂಜಸತೆಯ ಬಣ್ಣ ಬಯಲಾಗುತ್ತದೆ. ಎರಡು ಮನೆಗಳ ಪಾತ್ರೆ ತೊಳೆದು ಮೂರನೆಯ ಮನೆಯವರು ಬಾಗಿಲು ತೆಗೆಯುವ ತನಕ ಕಾಯಬೇಕಾದ ಹೆಂಗಸು, ಮುಂದಿನ ಆರ್ಡರ್ ಬರುವವರೆಗೆ ಬೈಕಿನ ಮೇಲೆಯೇ ಬಿಸಿಲಿಗೆ ಕೂತ ಊಟ ತಲುಪಿಸುವ ಹುಡುಗ, ನಸುಕಿನ ಪಾಳಿಯಲ್ಲಿ ರಸ್ತೆ ಗುಡಿಸಿ ಬುತ್ತಿ ಬಿಚ್ಚಲು ಜಾಗ ಹುಡುಕುವ ಪೌರಕಾರ್ಮಿಕಳು ಇವರಿಗೆಲ್ಲ ಉದ್ಯಾನ ಬೇಕಾದುದು ಅದಕ್ಕೆ ಬೀಗ ಬಿದ್ದಿರುವ ಹೊತ್ತಿನಲ್ಲಿಯೇ. ಬೆಳಿಗ್ಗೆ ಆರಕ್ಕೂ ಸಂಜೆ ಆರಕ್ಕೂ ನಡೆಯಲು ಬರುವವರ ವೇಳಾಪಟ್ಟಿಯನ್ನೇ ಉದ್ಯಾನದ ವೇಳಾಪಟ್ಟಿಯಾಗಿಸಿದುದು ಯಾವ ತಾಂತ್ರಿಕ ಲೆಕ್ಕಾಚಾರದಿಂದಲೂ ಅಲ್ಲ. ಕ್ಷೇಮಾಭಿವೃದ್ಧಿ ಸಂಘದವರಿಗೆ ಎಂಜಿನಿಯರನ ಮೊಬೈಲ್ ನಂಬರು ಗೊತ್ತಿತ್ತು, ಮೇಲಿನ ಮೂವರಿಗೆ ಗೊತ್ತಿರಲಿಲ್ಲ, ಅಷ್ಟೆ. ಆ ಮೂವರ ಬಳಿ ಇರಬಹುದಾಗಿದ್ದ ಏಕೈಕ ಬಲವೆಂದರೆ ವಾರ್ಡಿನ ಮತ.

2024ರ ಜೂನ್‌ನಲ್ಲಿ ಈ ಪದ್ಧತಿ ಬದಲಾಗಿ, ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಉದ್ಯಾನಗಳನ್ನು ತೆರೆದಿಡಬೇಕೆಂದು ತೀರ್ಮಾನವಾಯಿತು. ತೀರ್ಮಾನ ಒಳ್ಳೆಯದೇ. ಆದರೆ ಅದು ಬಂದ ಬಗೆಯನ್ನು ಗಮನಿಸಬೇಕು: ಅದನ್ನು ಸಾರಿದವರು ರಾಜ್ಯದ ಉಪಮುಖ್ಯಮಂತ್ರಿ. ಬೃಹತ್ ನೀರಾವರಿಯ ಖಾತೆಯೂ ಬೆಂಗಳೂರು ಅಭಿವೃದ್ಧಿಯ ಖಾತೆಯೂ ಆಗ ಒಟ್ಟಿಗೆ ಇದ್ದ ಒಬ್ಬ ಸಚಿವರು ಮೂಲೆಮನೆಯ ಪಾರ್ಕಿನ ಗೇಟು ಎಷ್ಟು ಹೊತ್ತಿಗೆ ತೆರೆಯಬೇಕೆಂದು ಹೇಳಬೇಕಾಗಿ ಬಂದುದನ್ನು ದಕ್ಷತೆಯೆಂದು ಕರೆಯುವವರು, ಅಷ್ಟೇ ಸಲೀಸಾಗಿ ಇನ್ನೊಂದು ದಿನ ಇನ್ನೊಬ್ಬ ಸಚಿವರು ಅದೇ ಗೇಟನ್ನು ಮುಚ್ಚಿಸಬಹುದೆಂಬುದನ್ನು ಯೋಚಿಸಿದಂತಿಲ್ಲ. ರಾತ್ರಿ ಹತ್ತರವರೆಗೆ ತೆರೆದಿಟ್ಟರೆ ದೀಪ ಯಾರು ಉರಿಸಬೇಕು, ಕಾವಲಿಗೆ ಎರಡನೆಯ ಆಳು ಎಲ್ಲಿಂದ, ಹೆಂಗಸರ ಶೌಚಾಲಯದ ಬೀಗ ಯಾರ ಬಳಿ ಎಂಬ ಮುಂದಿನ ಪ್ರಶ್ನೆಗಳು ಒಂದೊಂದು ಉದ್ಯಾನಕ್ಕೆ ಒಂದೊಂದು ತೆರನಾಗಿದ್ದು, ಘೋಷಣೆಯಲ್ಲಿ ಹಿಡಿಯುವಂಥವಲ್ಲ.

ಅಧಿಕಾರಿಗಳ ಕೈಯಲ್ಲಿ ಉದ್ಯಾನವು ಕಾರ್ಪೊರೇಟರುಗಳ ಕಣ್ಣಿನಿಂದ ಸುರಕ್ಷಿತವಾಗಿರುತ್ತದೆ ಎಂಬ ನಂಬಿಕೆಗೆ ಇತಿಹಾಸದ ಬೆಂಬಲವೂ ಇಲ್ಲ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ನಿವೇಶನವೊಂದನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟ ಪ್ರಕರಣ ಭಾರತದ ಆಡಳಿತ ಕಾನೂನಿನ ಪಠ್ಯಗಳಲ್ಲಿ ಸ್ಥಾನ ಪಡೆದಿದೆ. ಆ ಜಾಗವನ್ನು ಕೊಟ್ಟುದು ನಗರಸಭೆಯಲ್ಲ. ಅಧಿಕಾರಿಗಳ ಪ್ರಾಬಲ್ಯದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅದೂ ಮುಖ್ಯಮಂತ್ರಿಯ ಮಟ್ಟದಿಂದ ಬಂದ ಸೂಚನೆಯ ಮೇರೆಗೆ. ಬಡಾವಣೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋಗಿ, ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸೋತು, ವಿಭಾಗೀಯ ಪೀಠದಲ್ಲಿ ಗೆದ್ದು, ಕೊನೆಗೆ 1991ರಲ್ಲಿ ಸುಪ್ರೀಂ ಕೋರ್ಟಿನಲ್ಲಿಯೂ ಗೆದ್ದು ಉದ್ಯಾನವನ್ನು ಉಳಿಸಿಕೊಂಡರು. 1976ರಲ್ಲಿ ಕೊಟ್ಟ ಜಾಗ 1991ರಲ್ಲಿ ಉಳಿಯಿತು ಎಂದರೆ ನಡುವೆ 15 ವರ್ಷಗಳು ಸಂದವು. ಸದಾಶಿವನಗರವೆಂದು ಕರೆಯುವ ಆ ಬಡಾವಣೆಯ ನಿವಾಸಿಗಳಿಗೆ ವಕೀಲರ ಶುಲ್ಕ ಕೊಟ್ಟು 15 ವರ್ಷ ಕಾಯುವ ಶಕ್ತಿಯಿತ್ತು. ಬಡವರ ಗೌರಿಪಾಳ್ಯದವರಿಗೆ ಇದೆಯೇ ಎಂಬುದನ್ನು ಪ್ರಚಲಿತ ಅಭಿಪ್ರಾಯದ ಪ್ರತಿಪಾದಕರೇ ಹೇಳಬೇಕು. ಇನ್ನು 2025ರಲ್ಲಿ ಸುರಂಗ ರಸ್ತೆಗಾಗಿ ಲಾಲ್‌ಬಾಗ್‌ನ ನೆಲವನ್ನೇ ಬಳಸುವ ಪ್ರಸ್ತಾಪ ಬಂದಾಗ, ಅದನ್ನು ಪ್ರಶ್ನಿಸಲು ಬೀದಿ ಮತ್ತು ನ್ಯಾಯಾಲಯ ಬಿಟ್ಟರೆ ಮೂರನೆಯ ವೇದಿಕೆಯೊಂದು ನಗರದಲ್ಲಿ ಇರಲಿಲ್ಲ.

ಕಟ್ಟಡಗಳ ವಿಷಯಕ್ಕೆ ಬಂದರೆ, ಪ್ರತಿಪಕ್ಷದ ವಾದಕ್ಕೆ ಬಲವಿರುವುದು ಇಲ್ಲಿಯೇ, ಮತ್ತು ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. 2010ರಿಂದ 2015ರವರೆಗಿನ ಸಭೆಯ ಕಾಲದಲ್ಲಿ ಪಾಲಿಕೆಯು ಸಾಲಕ್ಕಾಗಿ ಕೆ.ಆರ್. ಮಾರುಕಟ್ಟೆ, ಮಲ್ಲೇಶ್ವರದ ಮಾರುಕಟ್ಟೆ, ಜಾನ್ಸನ್ ಮಾರುಕಟ್ಟೆ ಮುಂತಾದ ತನ್ನ ಕಟ್ಟಡಗಳನ್ನೇ ಅಡವಿಟ್ಟಿತು. ತಾಯಿಯ ಮಾಂಗಲ್ಯವನ್ನು ಗಿರವಿ ಇಟ್ಟಂತಾಯಿತು ಎಂಬ ಮಾತು ಆಗ ಕೇಳಿಬಂದುದು ಅತಿಯೇನಲ್ಲ. 2020ರ ಆರಂಭದಲ್ಲಿ ಇನ್ನೊಂದು ಸಭೆಯು ಪುಟ್ಟಣ್ಣ ಚೆಟ್ಟಿ ಪುರಭವನದ ಮೆಟ್ಟಿಲುಗಳ ಮುಂದೆ ಪ್ರತಿಭಟನೆ ನಡೆಸುವುದನ್ನು ನಿಷೇಧಿಸುವ ನಿರ್ಣಯ ಮಾಡಿತು. ಪ್ರತಿಭಟನೆಗಳಿಂದ ಸಭಾಂಗಣದ ಬಾಡಿಗೆ ಕುಸಿಯುತ್ತಿದೆ ಎಂಬುದು ಮುಂದಿಟ್ಟ ಕಾರಣ. 1935ರಲ್ಲಿ ಉದ್ಘಾಟನೆಯಾದ, ಊರಿನ ಸಾರ್ವಜನಿಕ ಬದುಕಿಗೆ ಅಂಗಳವಾಗಿದ್ದ ಕಟ್ಟಡವನ್ನು ಮದುವೆ ಛತ್ರದ ಲೆಕ್ಕದಲ್ಲಿ ನೋಡಿದ ನಿರ್ಣಯವಿದು, ಸಮರ್ಥನೆಗೆ ಯೋಗ್ಯವಲ್ಲ.

ಆದರೆ ಈ ಎರಡೂ ತಪ್ಪುಗಳು ತಪ್ಪುಗಳೆಂದು ಊರಿಗೆ ತಿಳಿದುದು ಹೇಗೆ? ಅಡಮಾನದ ವಿಷಯ ಸಭೆಯಲ್ಲಿ ಗದ್ದಲವಾಗಿ, ಪತ್ರಿಕೆಗಳಲ್ಲಿ ಪಟ್ಟಿಯಾಗಿ, 2015ರ ಚುನಾವಣೆಯ ಪ್ರಚಾರದಲ್ಲಿ ಬೈಗುಳವಾಗಿ, ಮುಂದಿನ ಸಭೆಯ ಕಾಲದಲ್ಲಿ ಕಟ್ಟಡಗಳನ್ನು ಬಿಡಿಸಿಕೊಳ್ಳುವ ಕೆಲಸವಾಗಿ ಮುಂದುವರಿಯಿತು. ಪುರಭವನದ ನಿರ್ಣಯ ಮಾರನೆಯ ದಿನವೇ ಸುದ್ದಿಯಾಗಿ, ಅದಕ್ಕೆ ಒಬ್ಬ ಮೇಯರು ಹೆಸರು ಹಿಡಿದು ಉತ್ತರಿಸಬೇಕಾಯಿತು. ಇದಾದ ಕೆಲಕಾಲಕ್ಕೆ ಇಡೀ ನಗರದ ಪ್ರತಿಭಟನೆಗಳನ್ನು ಹಳೆಯ ಸೆರೆಮನೆಯ ಜಾಗದಲ್ಲಿರುವ ಸ್ವಾತಂತ್ರ್ಯ ಉದ್ಯಾನಕ್ಕೆ ಸೀಮಿತಗೊಳಿಸಿದ ಆದೇಶ ಪೊಲೀಸ್ ಇಲಾಖೆಯಿಂದ ಬಂದಾಗ ನಗರದಲ್ಲಿ ಸಭೆಯೇ ಇರಲಿಲ್ಲ. ಮೆಟ್ಟಿಲೊಂದರ ಬಗ್ಗೆ ಎದ್ದಷ್ಟು ಗದ್ದಲವೂ ಊರೊಂದರ ಬಗ್ಗೆ ಏಳಲಿಲ್ಲ. ಸಭೆ ತಪ್ಪು ಮಾಡುವುದಿಲ್ಲವೆಂದು ಯಾರೂ ಹೇಳುತ್ತಿಲ್ಲ. ಅದು ತಪ್ಪನ್ನು ಹಗಲಿನಲ್ಲಿ ಮಾಡುತ್ತದೆ.

ಪರಿಣತಿಯೊಂದಿದ್ದರೆ ಕಟ್ಟಡದ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ ಎಂಬ ನಂಬಿಕೆಗೆ ಮೈಸೂರಿನ ದೇವರಾಜ ಮಾರುಕಟ್ಟೆ ಸಾಕಷ್ಟು ಉತ್ತರ ಕೊಟ್ಟಿದೆ. 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ, ಅದರ ಉತ್ತರ ಭಾಗ ಕುಸಿಯಿತು. ಕೆಡವಿ ಹೊಸದಾಗಿ ಕಟ್ಟಬೇಕೆಂದವರೂ ತಜ್ಞರು, ಸುಣ್ಣದ ಗಾರೆಯಿಂದ ಹಳೆಯ ಕಟ್ಟಡವನ್ನೇ ಉಳಿಸಬಹುದೆಂದವರೂ ತಜ್ಞರು. ಇಬ್ಬರ ಬಳಿಯೂ ವರದಿಗಳಿದ್ದವು. ತಜ್ಞರು ಇಬ್ಭಾಗವಾದಾಗ ಆಯ್ಕೆಗೆ ಉಳಿಯುವುದು ಮೌಲ್ಯದ ಪ್ರಶ್ನೆ: ಹೂವಿನ ಸಾಲು, ಅರಿಸಿನ ಕುಂಕುಮದ ಸಾಲು, ಬಾಳೆಹಣ್ಣಿನ ಸಾಲುಗಳಲ್ಲಿ ತಲೆಮಾರುಗಳಿಂದ ಕೂತವರ ಜೀವನೋಪಾಯ, ಊರಿನ ನೆನಪು, ತಲೆಯ ಮೇಲೆ ಬೀಳಬಹುದಾದ ಮಾಳಿಗೆಯ ಭಯ ಇವುಗಳಲ್ಲಿ ಯಾವುದಕ್ಕೆ ಎಷ್ಟು ತೂಕ? ಈ ತಕ್ಕಡಿಯನ್ನು ಎಂಜಿನಿಯರ್ ಹಿಡಿಯಲಾರ. ಅವನು ಗೋಡೆಯ ಬಲವನ್ನಷ್ಟೇ ಹೇಳಬಲ್ಲ.

ಇಲ್ಲಿ ಬೆಂಗಳೂರಿಗರ ಅಚ್ಚುಮೆಚ್ಚಿನ ಸ್ಮರಣೆಯೊಂದು ಅಡ್ಡ ಬರುತ್ತದೆ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಕುದುರೆಯೇರಿ ಬೀದಿ ಬೀದಿ ಸುತ್ತಿ ಊರನ್ನು ಅಂದಗೊಳಿಸಿದರು, ಅವರಿಗೆ ಯಾವ ಕಾರ್ಪೊರೇಟರ ಹಂಗೂ ಇರಲಿಲ್ಲ ಎಂದು ಹೇಳುವುದುಂಟು. ಮಿರ್ಜಾ ಅವರ ಅಭಿರುಚಿ ನಿಸ್ಸಂದೇಹವಾಗಿ ದೊಡ್ಡದು. ಆದರೆ ಒಳ್ಳೆಯ ಅಭಿರುಚಿಯ ದಿವಾನರು ಸಿಕ್ಕಿದ್ದು ಅದೃಷ್ಟ, ಅದನ್ನು ಪದ್ಧತಿಯೆಂದು ಕರೆಯಲಾಗದು. ಕುದುರೆಯ ಮೇಲಿರುವವನ ಕಣ್ಣು ಕೆಟ್ಟುದಾಗಿದ್ದರೆ ಕೆಳಗಿರುವವರಿಗೆ ಏನು ಪರಿಹಾರವಿತ್ತೆಂದು ಈ ಸ್ಮರಣೆ ಕೇಳಿಕೊಳ್ಳುವುದಿಲ್ಲ. ಅವರ ಕಾಲದಲ್ಲಿ ಎದ್ದ ಪುರಭವನ ಇಂದಿಗೂ ಹೊತ್ತಿರುವುದು ದಿವಾನರ ಹೆಸರನ್ನಲ್ಲ, ನಗರಸಭೆಯ ಅಧ್ಯಕ್ಷರಾಗಿದ್ದವರ ಹೆಸರನ್ನು ಎಂಬುದೂ ಗಮನಾರ್ಹ. 1999ರಲ್ಲಿ ಎಸ್.ಎಂ. ಕೃಷ್ಣ ಸರ್ಕಾರವು ನಂದನ್ ನಿಲೇಕಣಿ ಅವರ ನೇತೃತ್ವದಲ್ಲಿ ರಚಿಸಿದ ಬೆಂಗಳೂರು ಅಜೆಂಡಾ ಕಾರ್ಯಪಡೆ ಇದೇ ಕನಸಿನ ಹೊಸ ಆವೃತ್ತಿ. ಅದು ಕಟ್ಟಿಸಿದ ನಿರ್ಮಲ ಶೌಚಾಲಯಗಳು ಊರಿಗೆ ಬೇಕಾಗಿದ್ದವೇ. ಆದರೆ 2004ರಲ್ಲಿ ಸರ್ಕಾರ ಬದಲಾದ ಮೇಲೆ ಆ ಕಾರ್ಯಪಡೆ ಕರಗಿಹೋಯಿತು. ಆಜ್ಞೆಯಿಂದ ಹುಟ್ಟಿದ ಸಂಸ್ಥೆಗೆ ವಾರ್ಡಿನಲ್ಲಿ ಬೇರಿರಲಿಲ್ಲ, ಅದು ಹೋದಾಗ ಬೀದಿಗಿಳಿದವರೂ ಇರಲಿಲ್ಲ.

ಮೂರನೆಯದು ಸಿಬ್ಬಂದಿ. ಇಲ್ಲಿ ಪ್ರಚಲಿತ ಅಭಿಪ್ರಾಯ ಒಂದು ಕುತೂಹಲಕರವಾದ ಅನ್ಯಾಯವನ್ನು ಮಾಡುತ್ತದೆ: ಕೊಡದೆ ಇದ್ದ ಅಧಿಕಾರವನ್ನು ಸರಿಯಾಗಿ ಬಳಸಲಿಲ್ಲವೆಂದು ಸಭೆಯನ್ನು ದೂಷಿಸುತ್ತದೆ. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳಿಗೆ ತಮಗೆ ಎಷ್ಟು ಸಿಬ್ಬಂದಿ ಬೇಕೆಂದು ನಿರ್ಧರಿಸುವ ಅಧಿಕಾರವೂ ಇಲ್ಲ, ನೇಮಿಸಿಕೊಳ್ಳುವ ಅಧಿಕಾರವೂ ಇಲ್ಲ, ಅವೆರಡೂ ರಾಜ್ಯ ಸರ್ಕಾರದ ಬಳಿಯೇ ಇವೆ ಎಂದು ಭಾರತದ ಮಹಾಲೇಖಪಾಲರ ವರದಿಯೇ ಎತ್ತಿ ತೋರಿಸಿದೆ. ಯಾವ ಹುದ್ದೆಗಳು ಎಷ್ಟು, ಅವಕ್ಕೆ ಯಾವ ಅರ್ಹತೆ, ನೇರ ನೇಮಕಾತಿಯಿಂದ ಎಷ್ಟು, ಬಡ್ತಿಯಿಂದ ಎಷ್ಟು ಎಂಬುದನ್ನು ಗೊತ್ತುಪಡಿಸುವ ವೃಂದ ಮತ್ತು ನೇಮಕಾತಿ ನಿಯಮಗಳನ್ನು ಸರ್ಕಾರ ಮಾಡುತ್ತದೆ. ಆಯುಕ್ತರನ್ನು ಸರ್ಕಾರ ಕಳಿಸುತ್ತದೆ, ಸರ್ಕಾರವೇ ಹಿಂದಕ್ಕೆ ಕರೆಸಿಕೊಳ್ಳುತ್ತದೆ. ಬೇರೆ ಇಲಾಖೆಗಳಿಂದ ಎರವಲು ಸೇವೆಯ ಮೇಲೆ ಬಂದ ಎಂಜಿನಿಯರಿಗೆ ತನ್ನ ಬಡ್ತಿಯ ದಾರಿ ಬೇರೆ ಕಡೆ ಇದೆಯೆಂದು ಗೊತ್ತಿರುವಾಗ, ವಾರ್ಡಿನ ಸದಸ್ಯೆ ಚರಂಡಿಯ ಬಗ್ಗೆ ಹತ್ತು ಸಲ ಕೇಳಿದರೂ ಅವನಿಗೆ ನಿದ್ದೆ ಕೆಡುವುದಿಲ್ಲ. ಆಮೇಲೆ ‘ಕಾರ್ಪೊರೇಟರಿಂದ ಒಂದು ಚರಂಡಿ ಮಾಡಿಸಲಾಗಲಿಲ್ಲ’ ಎಂಬ ಮಾತು ಹುಟ್ಟುತ್ತದೆ.

ಪೌರಕಾರ್ಮಿಕರ ಕಥೆ ಇದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಎಂಬುದು ಸರ್ಕಾರದ ಅಳತೆಗೋಲು. ಅದನ್ನು ಗೊತ್ತುಪಡಿಸಿದ್ದು ಸಭೆಯಲ್ಲ. ಬಹುಕಾಲ ಇವರಲ್ಲಿ ಹೆಚ್ಚಿನವರು ಗುತ್ತಿಗೆದಾರರ ಕೈಕೆಳಗಿದ್ದರು, ಎಂದರೆ ಊರನ್ನು ಗುಡಿಸುವವರು ಊರಿನ ನೌಕರರಾಗಿರಲಿಲ್ಲ. ಆಮೇಲೆ ನೇರ ಪಾವತಿ ಎಂಬ ವ್ಯವಸ್ಥೆ ಬಂದು, ಗುತ್ತಿಗೆದಾರನನ್ನು ಬದಿಗಿಟ್ಟು ಪಾಲಿಕೆಯೇ ಅವರ ಖಾತೆಗೆ ಸಂಬಳ ಹಾಕತೊಡಗಿತಾದರೂ ಕೆಲಸದ ಭದ್ರತೆ ದೊರೆಯಲಿಲ್ಲ. 2022ರ ಜುಲೈ ಮೊದಲ ವಾರದಲ್ಲಿ ಅವರು ಪೊರಕೆ ಕೆಳಗಿಟ್ಟು, ಕಾಯಮಾತಿಗಾಗಿ ಅದೇ ಸ್ವಾತಂತ್ರ್ಯ ಉದ್ಯಾನದಲ್ಲಿ ಕುಳಿತರು. ಊರಿನಲ್ಲಿ ಕಸ ರಾಶಿ ಬಿದ್ದ ಮೇಲೆ ಸರ್ಕಾರ ಮಾತುಕತೆಗೆ ಬಂದಿತು. 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕಾತಿಯ ಪತ್ರ ಸಿಕ್ಕಿದ್ದು 2025ರ ಮೇ 1ರಂದು. ಅಷ್ಟರಲ್ಲಿ ತ್ಯಾಜ್ಯ ನಿರ್ವಹಣೆ ಪಾಲಿಕೆಯಿಂದ ಹೊರಗೆ, ಅದಕ್ಕೆಂದೇ ಸ್ಥಾಪಿಸಿದ ಸರ್ಕಾರಿ ಕಂಪನಿಗೆ ಹೋಗಿತ್ತು. ಕಂಪನಿಯೆಂದರೆ ಆಡಳಿತ ಮಂಡಳಿ, ಮಂಡಳಿಯೆಂದರೆ ನಿರ್ದೇಶಕರು. ಅಲ್ಲಿಗೆ ಹೋಗಿ ಕೂಗಲು ವಾರ್ಡಿನವರಿಗೆ ಗ್ಯಾಲರಿ ಇಲ್ಲ. ಸಿಬ್ಬಂದಿಯ ಪ್ರಶ್ನೆಯನ್ನು ‘ರಾಜಕೀಯದಿಂದ ಮುಕ್ತ’ಗೊಳಿಸಿದ್ದರ ಫಲ ಹೀಗಿದೆ: ರಾಜಕೀಯವನ್ನು ಮಾಡಬೇಕಾದವರು ಹೆಂಗಸರು, ಬಹುಪಾಲು ದಲಿತ ಹೆಂಗಸರು, ತಮ್ಮ ದಿನಗೂಲಿಯನ್ನು ಪಣವಿಟ್ಟು, ಬೀದಿಯಲ್ಲಿ ಕೂತು.

ಇನ್ನು ಉಳಿದಿರುವುದು ಭ್ರಷ್ಟಾಚಾರದ ಆಕ್ಷೇಪ. ಕಾಮಗಾರಿಯ ಪ್ರತಿ ಬಿಲ್ಲಿನಲ್ಲಿ ಪಾಲು ಕೇಳುವ, ಬಾಮೈದುನನ ಹೆಸರಿನಲ್ಲಿ ಗುತ್ತಿಗೆ ಹಿಡಿಯುವ ಕಾರ್ಪೊರೇಟರು ಕಾಲ್ಪನಿಕ ವ್ಯಕ್ತಿಯಲ್ಲ. ಅವನನ್ನು ಊರು ಬಲ್ಲದು. ಆದರೆ ಅವನು ಮನೆಗೆ ಹೋದ ಮೇಲೆ ಪಾಲು ನಿಂತಿತೇ? ಗುತ್ತಿಗೆದಾರರ ಸಂಘ ಶೇಕಡ 40ರ ಕಮಿಷನ್ನಿನ ಆರೋಪ ಮಾಡಿದ 2021ರಲ್ಲಿ ಬೆಂಗಳೂರಿಗೆ ಸಭೆ ಇರಲಿಲ್ಲ. ಪಾಲಿಕೆಯಲ್ಲಿ 2019ರಿಂದ 2023ರವರೆಗೆ ನಡೆದ ಕಾಮಗಾರಿಗಳ ತನಿಖೆಗೆ ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಅವರನ್ನು ಸರ್ಕಾರ ನೇಮಿಸಬೇಕಾಯಿತು. ಆ ಅವಧಿಯಲ್ಲಿ ಹೆಚ್ಚಿನ ಕಾಲ ನಗರವನ್ನು ಆಳಿದವರು ಅಧಿಕಾರಿಗಳೇ. ಆರೋಪಗಳ ಸತ್ಯಾಸತ್ಯತೆ ಏನೇ ಇರಲಿ, ಕಾರ್ಪೊರೇಟರ ಅನುಪಸ್ಥಿತಿ ಪ್ರಾಮಾಣಿಕತೆಯ ಇನ್ನೊಂದು ಹೆಸರಲ್ಲ ಎಂಬಷ್ಟು ಇದರಿಂದ ಸಾಬೀತಾಗುತ್ತದೆ. ಮಹಿಳಾ ಸದಸ್ಯೆಯರ ಗಂಡಂದಿರೇ ಅಧಿಕಾರ ನಡೆಸುತ್ತಾರೆ ಎಂಬ ಮೂದಲಿಕೆಯೂ ಇದೇ ಜಾತಿಯದು. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದ ಸಭೆಯನ್ನು ಈ ಕಾರಣಕ್ಕೆ ಹಳಿಯುವವರು, ಅದರ ಜಾಗದಲ್ಲಿ ಗಂಡಂದಿರನ್ನು ಉಳಿಸಿಕೊಂಡು ಹೆಂಡತಿಯರನ್ನಷ್ಟೇ ಹೊರಗೆ ಹಾಕಿದ ವ್ಯವಸ್ಥೆಯನ್ನು ಸಲಹೆ ಮಾಡುತ್ತಿದ್ದಾರೆ.

ಏಕೆಂದರೆ ಅಧಿಕಾರಿಗಳ ಆಳ್ವಿಕೆ ಎಂಬುದೂ ಒಂದು ಮಟ್ಟಿಗೆ ಬರಿಯ ಹೆಸರು. ಬೆಂಗಳೂರಿನಲ್ಲಿ 28 ವಿಧಾನಸಭಾ ಕ್ಷೇತ್ರಗಳಿವೆ. 198 ಕಾರ್ಪೊರೇಟರು ಇಲ್ಲವಾದಾಗ ಉದ್ಯಾನದ ಶಂಕುಸ್ಥಾಪನೆಯ ಕಲ್ಲಿನಲ್ಲಿ, ಸಮುದಾಯ ಭವನದ ಬೀಗದಕೈಯಲ್ಲಿ, ಮಸ್ಟರಿಂಗ್ ಕೇಂದ್ರ ಎನಿಸಿಕೊಂಡ ಪೌರಕಾರ್ಮಿಕರ ಹಾಜರಿ ಕಟ್ಟೆಯನ್ನು ಎಲ್ಲಿ ಇಡಬೇಕೆಂಬುದರಲ್ಲಿ ಆ 28 ಮಂದಿ ಶಾಸಕರ ಮಾತೇ ನಡೆಯತೊಡಗಿತು. ಅನುದಾನ ಯಾವ ಶಾಸಕರಿಗೆ ಎಷ್ಟು ಬಂತು ಎಂಬುದು ಪಕ್ಷ ಪಕ್ಷಗಳ ನಡುವಿನ ಜಗಳವಾಯಿತು. ಶಾಸಕರು ಕಾನೂನು ಮಾಡಲು ಆರಿಸಿ ಬಂದವರು. ಮೋರಿಯ ಮೇಲೆ ಚಪ್ಪಡಿ ಎಳೆಸುವ ಕೆಲಸವೂ ಅವರ ಪಾಲಿಗೆ ಬಂದಾಗ, ಪ್ರತಿಸ್ಪರ್ಧಿಗಳನ್ನು ಸೃಷ್ಟಿಸುವ ಚುನಾವಣೆ ಬೇಗ ನಡೆಯಲಿ ಎಂಬ ಆತುರ ಯಾವ ಪಕ್ಷದಲ್ಲಿಯೂ ಕಾಣದೆ ಇದ್ದುದರಲ್ಲಿ ಆಶ್ಚರ್ಯಪಡುವಂಥದೇನಿಲ್ಲ. ಬಡಾವಣೆಯ ಅಜ್ಜನೊಬ್ಬ ಪಾರ್ಕಿನ ಮುರಿದ ಬೆಂಚಿನ ಬಗ್ಗೆ ಕಾರ್ಪೊರೇಟರ ಮನೆ ಮುಂದೆ ನಿಂತು ರೇಗಬಹುದಿತ್ತು. ಮೂರು ಲಕ್ಷ ಮತದಾರರ ಶಾಸಕರ ಆಪ್ತ ಸಹಾಯಕನ ಮುಂದೆ ಅವನು ಅರ್ಜಿದಾರ.

ಈ ಮೂರೂ ವಿಷಯಗಳು ಒಂದೆಡೆ ಕೂಡುವ ಜಾಗವೊಂದು ಬೆಂಗಳೂರಿನ ಬೀದಿಗಳಲ್ಲಿಯೇ ಇದೆ. ಪೌರಕಾರ್ಮಿಕರು ಬಟ್ಟೆ ಬದಲಿಸಲು, ಶೌಚಕ್ಕೆ ಹೋಗಲು, ಊಟ ಮಾಡಿ ಅರೆಗಳಿಗೆ ಕೂರಲು ಪಾಲಿಕೆಯು ಒಡೆಯುವ ಮುಂಚಿನ ವರ್ಷಗಳಲ್ಲಿ ಸುವಿಧಾ ಕ್ಯಾಬಿನ್ ಎಂಬ ತಗಡಿನ ಕೋಣೆಗಳನ್ನು ಇರಿಸತೊಡಗಿತ್ತು. ಕೋಣೆ ಚಿಕ್ಕದು, ಅದನ್ನು ಇಡುವ ಜಾಗದ ಪ್ರಶ್ನೆ ದೊಡ್ಡದು. ಪಾದಚಾರಿ ಮಾರ್ಗದಲ್ಲಿ ಇಟ್ಟರೆ ನಡೆಯುವವರಿಗೆ ಅಡ್ಡಿ, ಮನೆಯೊಂದರ ಎದುರು ಇಟ್ಟರೆ ಆ ಮನೆಯವರಿಗೆ ಅಸಮಾಧಾನ, ಉದ್ಯಾನದ ಮೂಲೆಯಲ್ಲಿ ಇಟ್ಟರೆ ಹಸಿರು ಜಾಗದ ಒತ್ತುವರಿಯೆಂಬ ತಕರಾರು. 1985ರ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಕಾಯಿದೆಯನ್ನು ಓದಿ ಒಬ್ಬ ಅಧಿಕಾರಿ ಒಳಗೆ ಬೇಡವೆನ್ನಬಹುದು, ಅದೇ ಕಾಯಿದೆಯನ್ನು ಓದಿ ಇನ್ನೊಬ್ಬರು ಉದ್ಯಾನದ ಕೆಲಸಗಾರರಿಗೂ ಅದು ಬೇಕಲ್ಲವೇ ಎನ್ನಬಹುದು, ಮೂರನೆಯವರು ಬಂದ ಫೋನಿಗೆ ತಲೆಬಾಗಿ ಕೋಣೆಯನ್ನು ಮೋರಿಯ ಪಕ್ಕಕ್ಕೆ ಸರಿಸಬಹುದು. ವಾರ್ಡ್ ಸಮಿತಿ ಎಂಬ ಸಂಸ್ಥೆ, ಎಂದರೆ ಸದಸ್ಯನ ಅಧ್ಯಕ್ಷತೆಯಲ್ಲಿ ವಾರ್ಡಿನ ನಿವಾಸಿಗಳು ಕೂಡಿ ಮಾತಾಡಬೇಕಾದ ಸಭೆ, ಇರುವುದು ಇಂತಹ ಜಾಗ ಹುಡುಕಲೆಂದೇ. ಸದಸ್ಯರಿಲ್ಲದ ವರ್ಷಗಳಲ್ಲಿ ಅದರ ಕುರ್ಚಿಯಲ್ಲಿಯೂ ಒಬ್ಬ ನೋಡಲ್ ಅಧಿಕಾರಿ ಕೂತಿದ್ದ. ಕೋಣೆ ಯಾವ ಮೂಲೆಗೆ ಬರಬೇಕೆಂದು ಆ ಕೋಣೆಯನ್ನು ಬಳಸಬೇಕಾದವಳನ್ನು ಕೇಳಿದ ದಾಖಲೆ ಯಾವ ಕಡತದಲ್ಲಿ ಹುಡುಕಬೇಕು ಎಂಬುದಕ್ಕೆ, ಸಭೆ ಬೇಡವೆನ್ನುವವರು ಮೊದಲು ಒಂದು ಕಡತದ ಸಂಖ್ಯೆಯನ್ನು ಹೇಳಲಿ.